ಗುಡ್ಡೇಕಲ್ಲಿನಿಂದ ಕಾಣುವಷ್ಟು ನೆಲ

ಒಂದೆಡೆ ನಿಂತ ನೋಡುಗನಿಗೆ ಸುತ್ತಲಿನ ನೆಲದ ಯಾವ ಭಾಗ ಕಾಣುತ್ತದೆ, ಯಾವುದು ಗುಡ್ಡ-ದಿಣ್ಣೆಗಳ ಮರೆಗೆ ಸರಿಯುತ್ತದೆ ಎಂಬುದನ್ನು ನಕಾಶೆಯ ಮೇಲೆಯೇ ಲೆಕ್ಕಹಾಕುವ ವಿಧಾನವನ್ನು ನೋಟವ್ಯಾಪ್ತಿ ವಿಶ್ಲೇಷಣೆ ಎನ್ನಬಹುದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಿಂದ ಮಂಗಳೂರಿನವರೆಗೆ ತ್ರಿಕೋನ ಮೋಜಣಿ ನಡೆಸಿದಾಗ ಒಂದು ನೆಲೆಗೆ ಇನ್ನೊಂದು ನೆಲೆ ಕಾಣುತ್ತದೆಯೇ ಎಂದು ತಿಳಿಯಲು ಗುಡ್ಡ ಹತ್ತಿಯೇ ನೋಡಬೇಕಿತ್ತು. ಮೊಬೈಲ್ ಗೋಪುರಕ್ಕೋ ಕಾಡ್ಗಿಚ್ಚು ಕಾಯುವ ಅಟ್ಟಣೆಗೋ ಜಾಗ ಹುಡುಕುವಾಗ ಇಂದಿಗೂ ಏಳುವ ಅದೇ ಪ್ರಶ್ನೆಗೆ, ಹಣ ತೆರಬೇಕಿಲ್ಲದ ಹಾಗೂ ಒಳಗಿನ ಲೆಕ್ಕವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದಾದ ಕ್ಯೂಜಿಐಎಸ್, ಗ್ರಾಸ್‌ನಂತಹ ಮುಕ್ತ ತಂತ್ರಾಂಶಗಳು ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತವೆ.

ಲೆಕ್ಕಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಎತ್ತರದ ಮಾದರಿ, ಅಂದರೆ ನೆಲವನ್ನು ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ ಒಂದು ಎತ್ತರವನ್ನು ನಮೂದಿಸಿದ ಕಡತ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಅಳೆದ ಮಾದರಿಯೂ, 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ಇಸ್ರೊ ರೂಪಿಸಿದ ಮಾದರಿಯೂ ಸುಮಾರು 30 ಮೀಟರ್ ಚೌಕಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಶಿವಮೊಗ್ಗ-ಭದ್ರಾವತಿಗಳನ್ನು ಒಳಗೊಂಡ 40 ಕಿ.ಮೀ. ಉದ್ದಗಲದ ಪ್ರದೇಶದಲ್ಲಿ ಇಂತಹ ಚೌಕಗಳು ಹೆಚ್ಚು ಕಡಿಮೆ 18 ಲಕ್ಷವಾಗುತ್ತವೆ. ತಂತ್ರಾಂಶವು ನೋಡುಗನ ಕಣ್ಣಿನಿಂದ ಒಂದೊಂದು ಚೌಕದತ್ತ ದೃಷ್ಟಿರೇಖೆಯನ್ನು ಹಾಯಿಸಿ, ಹಾದಿಯಲ್ಲಿ ಅದುವರೆಗೆ ಎದುರಾದ ಅತಿ ದೊಡ್ಡ ಏರುಕೋನವನ್ನು ನೆನಪಿಟ್ಟುಕೊಂಡು, ಗುರಿಯ ಕೋನ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಅದನ್ನು ಕಾಣುವ ಪಟ್ಟಿಗೆ ಸೇರಿಸುತ್ತದೆ.

ಶಿವಮೊಗ್ಗದ ಗುಡ್ಡೇಕಲ್ಲು ಎಂಬ ಗುಡ್ಡದಿಂದ ಭದ್ರಾವತಿಯತ್ತ ನೋಡುವುದಾದರೆ ಈ ಲೆಕ್ಕಕ್ಕೆ ಭೂಮಿಯ ಗುಂಡಗಿನ ಆಕಾರವೂ ಸೇರಬೇಕು. ಎರಡು ಊರುಗಳ ನಡುವಿನ ನೇರ ಅಂತರ ಸುಮಾರು 17 ಕಿ.ಮೀ.; ಅಷ್ಟು ದೂರದಲ್ಲಿ ನೆಲವು ನೋಡುಗನ ಸಮತಲಕ್ಕಿಂತ ಸುಮಾರು 23 ಮೀಟರ್ ಕೆಳಗಿಳಿದಿರುತ್ತದೆ, ಆದರೆ ಗಾಳಿಯ ಪದರಗಳಲ್ಲಿ ಬೆಳಕು ತುಸು ಬಾಗುವುದರಿಂದ ಪರಿಣಾಮದಲ್ಲಿ ಈ ಇಳಿತ 20 ಮೀಟರ್‌ನಷ್ಟಕ್ಕೆ ನಿಲ್ಲುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚಿಮಣಿಗಳಂತಹ ಸಪುರ ರಚನೆಗಳು 30 ಮೀಟರ್ ಚೌಕದಲ್ಲಿ ಕರಗಿಹೋಗುವುದರಿಂದ ಅವುಗಳ ಎತ್ತರವನ್ನು ಗುರಿಯ ಎತ್ತರವೆಂದು ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ. ಅಂತರಗಳು ಡಿಗ್ರಿಗಳಲ್ಲಿರದೆ ಮೀಟರ್‌ಗಳಲ್ಲಿರಬೇಕಾದ್ದರಿಂದ ಕಡತವನ್ನು ಈ ಭಾಗಕ್ಕೆ ಅನ್ವಯಿಸುವ ಯುಟಿಎಂ ಎಂಬ ಮೀಟರ್ ಆಧಾರಿತ ನಕಾಶೆ ಪದ್ಧತಿಯ 43ನೆಯ ಉತ್ತರ ವಲಯಕ್ಕೆ ಮೊದಲೇ ಪರಿವರ್ತಿಸುವುದೂ ಅಗತ್ಯ; ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಆದರೂ ಇಲ್ಲಿನ ನೆಲದಲ್ಲಿ ಇದಕ್ಕಿಂತ ದೊಡ್ಡ ತೊಡಕು ಅಡಿಕೆ ತೋಟಗಳದು. ರಾಡಾರ್ ಅಲೆಗಳು ದಟ್ಟ ತೋಟದಲ್ಲಿ ಬಹುಮಟ್ಟಿಗೆ ನೆಲವನ್ನು ಮುಟ್ಟದೆ ಮರಗಳ ತಲೆಯ ಆಸುಪಾಸಿನಿಂದಲೇ ಹಿಂದಿರುಗುವುದರಿಂದ ಆ ಚೌಕದ ಎತ್ತರದಲ್ಲಿ ಮರದ ಎತ್ತರವೂ ಬೆರೆತಿರುತ್ತದೆ. ಅಲ್ಲಿ ನೋಡುಗನನ್ನು ನಿಲ್ಲಿಸಿದರೆ ತಂತ್ರಾಂಶವು ಅವನನ್ನು ಅಡಿಕೆ ಕೊಯ್ಯುವ ಕೊನೆಗಾರನಂತೆ ಮರದ ತುದಿಗೇರಿಸಿ, ದಿಗಂತದವರೆಗೂ ಕಾಣುತ್ತದೆಂದು ಘೋಷಿಸುತ್ತದೆ. ವಾಸ್ತವದಲ್ಲಿ ಅವನ ಮುಂದಿರುವುದು ಹತ್ತಾರು ಮಾರು ದೂರದ ಅಡಿಕೆ ಕಾಂಡಗಳು ಮಾತ್ರ. ಲೆಕ್ಕ ಎಷ್ಟೇ ಸರಿಯಿದ್ದರೂ ಸಾಮಗ್ರಿಯ ದೋಷ ಅದರಿಂದ ನೀಗುವುದಿಲ್ಲ. ಮರ-ಕಟ್ಟಡಗಳ ಎತ್ತರವನ್ನು ಕಳೆದು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಸಿದ್ಧಪಡಿಸಿದ ಫ್ಯಾಬ್‌ಡೆಮ್ ಎಂಬ ಮಾದರಿ ವಾಣಿಜ್ಯೇತರ ಬಳಕೆಗೆ ಉಚಿತವಾಗಿದ್ದು, ನೋಡುಗನ ಕಾಲಡಿಯ ಎತ್ತರವನ್ನು ಇದರಿಂದಲೂ ಹಾದಿಯ ಅಡೆತಡೆಗಳನ್ನು ರಾಡಾರ್ ಮಾದರಿಯಿಂದಲೂ ತೆಗೆದುಕೊಂಡರೆ ಫಲಿತಾಂಶವು ತೋಟದೊಳಗೆ ನಿಂತವನ ನಿಜವಾದ ನೋಟಕ್ಕೆ ಹೆಚ್ಚು ಹತ್ತಿರವಾಗುತ್ತದೆ.