ಸುತ್ತಳತೆ ಒಂದೇ, ಮನೆ ಬೇರೆ

ಮನೆ ಕಟ್ಟಿಸುವ ಯೋಚನೆ ತಮಗಿದೆಯೇ? ಹಾಗಾದರೆ ಮೇಸ್ತ್ರಿಯನ್ನು ಕರೆಸುವ ಮುನ್ನ ಕಾಗದ, ಪೆನ್ಸಿಲು ಹಿಡಿದು ಕೂಡಿರಿ. 40 ಅಡಿ ಉದ್ದ, 30 ಅಡಿ ಅಗಲದ ಮನೆಯ ಸುತ್ತಳತೆ ಎಷ್ಟು? ಉದ್ದ ಅಗಲಗಳನ್ನು ಕೂಡಿಸಿ ಇಮ್ಮಡಿ ಮಾಡಿದರೆ 140 ಅಡಿ. 50 ಅಡಿ ಉದ್ದ, 20 ಅಡಿ ಅಗಲದ ಮನೆಗೂ ಅದೇ 140. ಎತ್ತರ ಒಂದೇ ಆದರೆ ಹೊರಗೋಡೆಯ ಇಟ್ಟಿಗೆ, ಗಾರೆಗಳ ಖರ್ಚೂ ಹೆಚ್ಚುಕಡಿಮೆ ಒಂದೇ. ಈಗ ಉದ್ದವನ್ನು ಅಗಲದಿಂದ ಗುಣಿಸಿ ನೋಡಿ: ಮೊದಲನೆಯದರ ವಿಸ್ತೀರ್ಣ 1200 ಚದರಡಿ, ಎರಡನೆಯದು ಬರಿಯ 1000! ಗೋಡೆ ಅಷ್ಟೇ ಕಟ್ಟಿಸಿಯೂ ಒಂದು ದೊಡ್ಡ ನಡುಮನೆಯಷ್ಟು ಜಾಗ ಕೈಬಿಟ್ಟಂತಾಯಿತು. ಸುತ್ತಲೂ ಹೆಜ್ಜೆ ಹಾಕಿ ಜಾಗವನ್ನು ಅಂದಾಜು ಮಾಡುವವರು ಮೋಸಹೋಗುವುದು ಇಲ್ಲಿಯೇ. 35 ಅಡಿಯ ಚೌಕವಾದರೆ 1225 ಚದರಡಿ ದೊರೆಯುತ್ತದೆ, ನಿಜ. ಆದರೆ ನಡುವಿನ ಕೋಣೆಗೆ ಬೆಳಕು ಎಲ್ಲಿಂದ ತರುವಿರಿ?

ಇನ್ನೊಂದು ಮಾತು. ಇವೆಲ್ಲ ಹೊರ ಅಳತೆಗಳು. ಗೋಡೆ 9 ಅಂಗುಲ ದಪ್ಪವಿದ್ದರೆ ಉದ್ದದಲ್ಲೂ ಅಗಲದಲ್ಲೂ ಒಂದೂವರೆ ಅಡಿ ಕಳೆಯಬೇಕು. ಆಗ ಮೊದಲನೆಯ ಮನೆಯ ಒಳಗೆ ಉಳಿಯುವುದು 38.5 ಅಡಿಗೆ 28.5 ಅಡಿ, ಎಂದರೆ ಸುಮಾರು 1097 ಚದರಡಿ. ಒಳಗೋಡೆಗಳ ಲೆಕ್ಕ ಬೇರೆ. 100 ಚದರಡಿಗೆ ಒಂದು ಚದರವೆಂದು ಗುತ್ತಿಗೆದಾರನು ದರ ಹೇಳಿದಾಗ, ಅದು ಹೊರ ಅಳತೆಯೋ ಒಳ ಅಳತೆಯೋ ಎಂಬುದನ್ನು ಕರಾರುಪತ್ರದಲ್ಲಿಯೇ ಬರೆಸಿಕೊಳ್ಳಿರಿ.