ಗಾಜಿನ ಫಲಕದ ಮೇಲೊಂದು ಕರಿಚುಕ್ಕೆ

ಕನ್ಯಾ ರಾಶಿಯ 3ಸಿ 273 ನೋಡಲು ಸಾಧಾರಣ ನಕ್ಷತ್ರದಂತೆಯೇ ಇದೆ. 1963ರಲ್ಲಿ ಪಾಲೊಮಾರ್ ದೂರದರ್ಶಕದಿಂದ ಅದರ ರೋಹಿತ ಪಡೆದ ಮಾರ್ಟೆನ್ ಶ್ಮಿಟ್, ಅದಿರುವುದು ಸುಮಾರು 200 ಕೋಟಿ ಜ್ಯೋತಿರ್ವರ್ಷ ಆಚೆ ಎಂದು ತೋರಿಸಿದರು. ಅಷ್ಟು ದೂರದಿಂದ ಹೀಗೆ ಕಾಣಬೇಕಾದರೆ ಇಡೀ ಗ್ಯಾಲಕ್ಸಿಯನ್ನೂ ಮೀರಿ ಬೆಳಗುತ್ತಿರಬೇಕು. ಮುಂದೆ ಕ್ವೇಸಾರ್ ಎಂದು ಹೆಸರಾದ ಅಂಥದ್ದರ ಗಾತ್ರವೆಷ್ಟು?

ಸುಳಿವು ಹಾರ್ವರ್ಡ್ ವೀಕ್ಷಣಾಲಯದ ಕಪಾಟುಗಳಲ್ಲಿತ್ತು. ಅಲ್ಲಿ 1880ರ ದಶಕದಿಂದ ಆಕಾಶದ ಫೋಟೊಗಳನ್ನು ಗಾಜಿನ ಫಲಕಗಳ ಮೇಲೆ ತೆಗೆದಿಟ್ಟಿದ್ದರು. ಹದಿಮೂರನೇ ಕಾಂತಿಮಾನದ ಈ ಕ್ವೇಸಾರ್ ಯಾರ ಗಮನಕ್ಕೂ ಬಾರದೆ ಅವುಗಳಲ್ಲಿ ಸೇರಿಕೊಂಡಿತ್ತು. ಹಾರ್ಲನ್ ಸ್ಮಿತ್ ಮತ್ತು ಡಾರಿಟ್ ಹಾಫ್‌ಲೈಟ್ ಹಳೆಯ ಫಲಕಗಳನ್ನು ಹೊರತೆಗೆದರು. ನೆಗೆಟಿವ್‌ನಲ್ಲಿ ನಕ್ಷತ್ರವೆಂದರೆ ಕರಿಚುಕ್ಕೆ; ಅಕ್ಕಪಕ್ಕದ ಚುಕ್ಕೆಗಳ ಜೊತೆ ಹೋಲಿಸಿ ಅಳೆಯಬೇಕು. ಅಳೆದಾಗ 3ಸಿ 273 ವರ್ಷವರ್ಷಕ್ಕೆ ಏರಿಳಿದಿದ್ದು ಕಂಡಿತು, ಕೆಲವೊಮ್ಮೆ ತಿಂಗಳುಗಳಲ್ಲೇ. ಬೆಳಕನ್ನು ಮೀರುವ ವೇಗವಿಲ್ಲವಾದ್ದರಿಂದ, ತಿಂಗಳೊಳಗೆ ಕಾಂತಿ ಬದಲಿಸುವ ವಸ್ತುವಿನ ಅಗಲ ಬೆಳಕು ತಿಂಗಳಲ್ಲಿ ಸಾಗುವ ದೂರಕ್ಕಿಂತ ಬಹಳ ಹೆಚ್ಚಿರಲಾರದು. ನಮ್ಮ ಕ್ಷೀರಪಥ ದಾಟಲು ಅದೇ ಬೆಳಕಿಗೆ ಸುಮಾರು ಲಕ್ಷ ವರ್ಷ ಬೇಕು! ಈ ಬೆಳಕಿನ ಮೂಲ ಬೃಹತ್ ಕಪ್ಪುಕುಳಿ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ತಳಪಾಯ ಆಗ ಬೇರೆ ಇರಲಿಲ್ಲ ಅನ್ನಿಸುತ್ತದೆ.

ರೇಡಿಯೊ ಅಲೆ ಸೂಸುವ ಇಂಥ ಮೂಲಗಳು ರೇಡಿಯೊದಲ್ಲಿ ಮಾತ್ರ ಸ್ಥಿರ ಎಂದೇ ಆಗಿನ ನಂಬಿಕೆ. 1965ರಲ್ಲಿ ಅಮೆರಿಕದ ವಿಲಿಯಂ ಡೆಂಟ್, 3ಸಿ 273ರ ರೇಡಿಯೊ ಹೊಮ್ಮುವಿಕೆಯೂ ಬದಲಾಗುವುದನ್ನು ಕಂಡರು. ಅದೇ ವರ್ಷ ಸೋವಿಯತ್ ವಿಜ್ಞಾನಿ ಗೆನ್ನಾದಿ ಶೊಲೊಮಿಟ್‌ಸ್ಕಿ, ಸಿಟಿಎ 102 ಎಂಬ ಇನ್ನೊಂದು ಕ್ವೇಸಾರ್‌ನ ರೇಡಿಯೊ ಹೊಮ್ಮುವಿಕೆ ಸುಮಾರು ನೂರು ದಿನಕ್ಕೊಮ್ಮೆ ಏರಿಳಿಯುತ್ತದೆ ಎಂದರು. ಟಾಸ್ ಸುದ್ದಿಸಂಸ್ಥೆ ಅದನ್ನು ಅನ್ಯಲೋಕದ ಬುದ್ಧಿಜೀವಿಗಳ ಸಂಕೇತವೆಂದೇ ಸಾರಿತು. ಅಮೆರಿಕದ ಬರ್ಡ್ಸ್ ತಂಡ 1967ರಲ್ಲಿ ಅದರ ಮೇಲೊಂದು ಹಾಡನ್ನೂ ತಂದಿತು. ಕಡಿಮೆ ಆವರ್ತನದ ಇಂಥ ಏರಿಳಿತಗಳಲ್ಲಿ ಒಂದಷ್ಟು ಕ್ವೇಸಾರ್‌ನದ್ದೇ ಅಲ್ಲ, ನಡುವಿನ ಅಂತರತಾರಾ ಅನಿಲದ ಕೈವಾಡ ಎಂಬುದು ತಿಳಿದದ್ದು ಬಹಳ ತಡವಾಗಿ.

ಗೋಚರ ಬೆಳಕು, ರೇಡಿಯೊ ಎರಡರ ಏರಿಳಿತಕ್ಕೂ ಮುಂದೆ ಹೊಂದಿಬಂದ ಚಿತ್ರ ಹೀಗಿದೆ: ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಣಗಳ ಧಾರೆಯಲ್ಲಿ ಆಘಾತ ತರಂಗವೊಂದು ಹೊರಟರೆ ಮೊದಲು ಗೋಚರ ಬೆಳಕು ಹೆಚ್ಚುತ್ತದೆ. ಬುಡದ ಹತ್ತಿರ ಧಾರೆ ತನ್ನದೇ ರೇಡಿಯೊ ಅಲೆಗಳನ್ನು ಹೀರಿಕೊಳ್ಳುತ್ತದೆ. ಆಘಾತ ಮುಂದೆ ಸಾಗಿ, ಧಾರೆ ತೆಳುವಾದ ಮೇಲಷ್ಟೇ ಅವು ಹೊರಬರುತ್ತವೆ. ಹಾಗಾಗಿ ರೇಡಿಯೊ ಏರಿಕೆ ವಾರಗಳೋ ತಿಂಗಳುಗಳೋ ತಡ.

ಈ ಲೆಕ್ಕವನ್ನು ಎಲ್ಲ ಕ್ವೇಸಾರ್‌ಗಳೂ ಪಾಲಿಸುವುದಿಲ್ಲ. 2016ರ ಡಿಸೆಂಬರಿನಲ್ಲಿ ಅದೇ ಸಿಟಿಎ 102 ಗೋಚರ ಬೆಳಕಿನಲ್ಲಿ ತನ್ನ ಮಂದ ಸ್ಥಿತಿಗಿಂತ ಸುಮಾರು 250 ಪಟ್ಟು ಪ್ರಖರವಾಯಿತು. ರೇಡಿಯೊ ಅದರ ಹೆಜ್ಜೆಗೆ ಹೆಜ್ಜೆ ಹಾಕಲಿಲ್ಲ. ಧಾರೆ ಹಾವಿನಂತೆ ತಿರುಚಿಕೊಂಡಿದ್ದು, ಗೋಚರ ಬೆಳಕು ಸೂಸುವ ಭಾಗ ಆಗ ನೇರ ನಮ್ಮತ್ತ ತಿರುಗಿತ್ತು ಎಂಬುದು ಅದನ್ನು ಗಮನಿಸಿದ ತಂಡದ ವಿವರಣೆ.