ಅಜ್ಜನ ಪಾರಿಜಾತ ಮತ್ತು ಒಂದು ಕೆಂಪು ಸಾಲು

"ತಮ್ಮಾ, ಪಾರಿಜಾತ ಹಾಕೀಯೇನು ಕಾರ್ಡಿಗೆ?"

ಶನಿವಾರ ಸಂಜೆ ಬಾಗಲಕೋಟೆಯಿಂದ ಬಸ್ ಹಿಡಿದು ಊರಿಗೆ ಬಂದು ಬ್ಯಾಗ್ ಇಳಿಸುವಷ್ಟರಲ್ಲಿ ಅಜ್ಜನ ಪ್ರಶ್ನೆ ಸಿದ್ಧವಿರುತ್ತದೆ. ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗೆ ಹತ್ತಿರದ ಹಳ್ಳಿ ನಮ್ಮದು. ಸುತ್ತಲೂ ಕಬ್ಬು. ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗಲೆಲ್ಲ ಅಜ್ಜ ಹೊಲದಲ್ಲಿರುತ್ತಾರೆ. ಜೊತೆಗೆ ಒಂದು ಬ್ಯಾಟರಿ, ಒಂದು ಬಡಿಗೆ, ಒಂದು ಕೀಪ್ಯಾಡ್ ಮೊಬೈಲ್. ಹೊಲದಲ್ಲಿ ನೆಟ್‌ವರ್ಕ್ ಒಂದು ಕಡ್ಡಿಯೂ ಇಲ್ಲ. ಮೆಮೊರಿ ಕಾರ್ಡಿನಲ್ಲಿ ಏನಿದೆಯೋ ಅದೇ ಅವರ ರಾತ್ರಿಯ ಜೊತೆಗಾರ.

ಅವರಿಗೆ ಬೇಕಾದದ್ದು ಶ್ರೀಕೃಷ್ಣ ಪಾರಿಜಾತ. ನಮ್ಮ ಭಾಗದವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಬೇರೆ ಕಡೆಯ ಓದುಗರಿಗೆ ಹೇಳುವುದಾದರೆ, ಒಂದು ಹೂವಿಗಾಗಿ ಸತ್ಯಭಾಮೆ, ರುಕ್ಮಿಣಿಯರ ನಡುವೆ ನಡೆಯುವ ಜಗಳವನ್ನು ಬೆಳಗಿನವರೆಗೂ ಹಾಡಿ ಆಡುವ ಸಣ್ಣಾಟ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಎಂಬ ಹೆಸರು ಹೇಳಿದರೆ ಅಜ್ಜ ಈಗಲೂ ಎದ್ದು ಕೂರುತ್ತಾರೆ. ಮೊದಲು ಟ್ರಾನ್ಸಿಸ್ಟರ್ ಹಿಡಿದು ಧಾರವಾಡ ಆಕಾಶವಾಣಿ ಕೇಳುತ್ತಿದ್ದವರು, ಅದು ಕೆಟ್ಟ ಮೇಲೆ ನನ್ನ ಮೇಲೆ ಅವಲಂಬಿತರಾದರು. ಹಾಸ್ಟೆಲ್ ವೈಫೈನಲ್ಲಿ ನಾನು ಹಳೆಯ ರೇಡಿಯೊ, ಟಿವಿ ಕಾರ್ಯಕ್ರಮಗಳನ್ನು ಇಳಿಸಿಕೊಂಡು, ಆಡಿಯೊ ಮಾತ್ರ ಬೇರ್ಪಡಿಸಿ, ಕಾರ್ಡಿಗೆ ತುಂಬಿ ತರುವುದು ಎರಡು ವರ್ಷದಿಂದ ನಡೆದುಕೊಂಡು ಬಂದಿದೆ.

ಆ ಶನಿವಾರ ಮಾತ್ರ ಕಾರ್ಡ್ ಖಾಲಿ ಇತ್ತು. ಹಿಂದಿನ ರಾತ್ರಿ ಲ್ಯಾಪ್‌ಟಾಪ್‌ನ ಕಪ್ಪು ಪರದೆಯ ಮೇಲೆ ಎಂದಿನಂತೆ ಕಮಾಂಡ್ ಕೊಟ್ಟಿದ್ದೆ. ಬಂದದ್ದು ಒಂದು ಕೆಂಪು ಸಾಲು. ಎರರ್. ಪುಟದಿಂದ ವಿಡಿಯೊ ಹೊರತೆಗೆಯಲು ಆಗುತ್ತಿಲ್ಲ ಎಂಬುದು ಅದರ ತಾತ್ಪರ್ಯ.

ನಾನು ಬಳಸುವ ಸಾಧನದ ಹೆಸರು ವೈಟಿ-ಡಿಎಲ್‌ಪಿ. ಯಾವ ಕಂಪನಿಯದ್ದೂ ಅಲ್ಲ. ಜಗತ್ತಿನ ಬೇರೆ ಬೇರೆ ಮೂಲೆಯ ಜನ ಬಿಡುವಿನ ವೇಳೆಯಲ್ಲಿ ಬರೆದು, ಪುಕ್ಕಟೆ ಕೊಟ್ಟಿರುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಅದರ ಅಜ್ಜ ಎನ್ನಬಹುದಾದ ಯೂಟ್ಯೂಬ್-ಡಿಎಲ್ ಹುಟ್ಟಿದ್ದು 2006ರಲ್ಲಿ. ಸ್ಪೇನಿನ ರಿಕಾರ್ಡೊ ಗಾರ್ಸಿಯಾ ಎಂಬುವರ ಬಳಿ ಆಗ ಇದ್ದದ್ದು 56ಕೆ ಡಯಲ್-ಅಪ್ ಮೋಡೆಮ್. ಆ ವೇಗದಲ್ಲಿ ವಿಡಿಯೊ ನೋಡುವುದು ಅಸಾಧ್ಯ. ಆದರೆ ನಿಧಾನವಾಗಿ ಇಳಿಸಿಟ್ಟುಕೊಂಡು ಆಮೇಲೆ ನೋಡಬಹುದು. ಮೊದಲು ಮೆಟಾಕೆಫೆ ಎಂಬ ತಾಣಕ್ಕೆ, ಆಮೇಲೆ ಯೂಟ್ಯೂಬ್‌ಗೆ ಅವರು ಪುಟ್ಟ ಪ್ರೋಗ್ರಾಮ್ ಬರೆದುಕೊಂಡರು. ಇದನ್ನು ಓದಿದಾಗ ನನಗೆ ಖುಷಿಯಾಯಿತು. ದೊಡ್ಡ ಊರಿನ, ಒಳ್ಳೆಯ ಇಂಟರ್ನೆಟ್ ಇದ್ದವರಿಗೆ ಇಂಥದ್ದೊಂದು ಬೇಕು ಎಂದು ಹೊಳೆಯುತ್ತಲೇ ಇರಲಿಲ್ಲವೇನೋ.

ಇಂಥ ಸಾಧನಗಳು ಪದೇ ಪದೇ ಏಕೆ ಕೆಡುತ್ತವೆ? ನಾವು ಪ್ಲೇ ಒತ್ತಿದಾಗ ವಿಡಿಯೊ ಒಂದೇ ಫೈಲ್ ಆಗಿ ಬರುವುದು ಅಪರೂಪ. ಕಬ್ಬನ್ನು ಗಣಿಕೆ ಗಣಿಕೆಯಾಗಿ ಕತ್ತರಿಸಿದ ಹಾಗೆ ಕೆಲವೇ ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಯಾವ ತುಂಡಿನ ನಂತರ ಯಾವುದು ಎಂದು ಹೇಳುವ ಒಂದು ಪಟ್ಟಿ ಇರುತ್ತದೆ, ಅದಕ್ಕೆ ಎಂ3ಯು8 ಎನ್ನುತ್ತಾರೆ. 2009ರಲ್ಲಿ ಆಪಲ್ ಕಂಪನಿ ತಂದ ವಿಧಾನ ಇದು. ಪಟ್ಟಿ ಸಿಕ್ಕರೆ ತುಂಡುಗಳನ್ನು ತಂದು ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್‌ನಿಂದ ಜೋಡಿಸುವುದು ಸುಲಭ. ಕಷ್ಟವೆಲ್ಲ ಪಟ್ಟಿ ಹುಡುಕುವುದರಲ್ಲಿ. ಒಂದೊಂದು ತಾಣ ಒಂದೊಂದು ಕಡೆ ಅದನ್ನು ಇಟ್ಟಿರುತ್ತದೆ. ಹಾಗಾಗಿ ವೈಟಿ-ಡಿಎಲ್‌ಪಿಯಲ್ಲಿ ತಾಣಕ್ಕೊಂದರಂತೆ ಪೈಥಾನ್‌ನಲ್ಲಿ ಬರೆದ ಸಣ್ಣ ಫೈಲ್‌ಗಳಿವೆ. ಇವೇ ಎಕ್ಸ್‌ಟ್ರ್ಯಾಕ್ಟರ್‌ಗಳು. ಸಾವಿರಕ್ಕೂ ಹೆಚ್ಚು ತಾಣಗಳಿಗೆ ಇವೆ. ತಾಣದವರು ಪುಟದ ವಿನ್ಯಾಸ ಬದಲಿಸಿದ ದಿನ, ಅದರ ಫೈಲ್ ನಿರುಪಯೋಗಿ. ಸಾಧನ ತಾನಾಗಿ ಸವೆದದ್ದಲ್ಲ, ಅದರ ಸುತ್ತಲಿನ ಜಗತ್ತು ಸರಿದದ್ದು.

ಅಜ್ಜನಿಗೆ ಇಷ್ಟೆಲ್ಲ ಹೇಳುವುದು ಹೇಗೆ? "ಅಜ್ಜಾ, ಆ ವೆಬ್‌ಸೈಟಿನವರು ಒಳಗ ಎಲ್ಲಾ ಬದಲಿ ಮಾಡ್ಯಾರ್ರಿ. ನನ್ನ ಪ್ರೋಗ್ರಾಮಿಗೆ ದಾರಿ ಸಿಗವಲ್ದು" ಎಂದೆ.

"ಅಂದ್ರ ಕಾಲಿವಿ ದಾರಿ ಬದಲಿ ಆಗೇತಿ. ನೀರ ನಿಂತೇತಿ. ಹೋಗಿ ನೋಡಬೇಕಪಾ ಎಲ್ಲಿ ಆಗೇತಂತ."

ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು.

ಮಂಗಳವಾರ ಇಂಟರ್ನಲ್ಸ್ ಇತ್ತು. ಆದರೂ ಭಾನುವಾರ ರಾತ್ರಿ ಹಾಸ್ಟೆಲ್‌ಗೆ ಮರಳಿದವನು ಪುಸ್ತಕ ತೆಗೆಯಲಿಲ್ಲ. ಮೊದಲು ವೈಟಿ-ಡಿಎಲ್‌ಪಿ ಅಪ್‌ಡೇಟ್ ಮಾಡಿದೆ. ಹತ್ತರಲ್ಲಿ ಒಂಬತ್ತು ಸಲ ಇಷ್ಟರಲ್ಲೇ ಮುಗಿಯುತ್ತದೆ, ಯಾಕೆಂದರೆ ಯಾರೋ ಆಗಲೇ ಸರಿ ಮಾಡಿರುತ್ತಾರೆ. ಈ ಸಲ ಯಾರೂ ಮಾಡಿರಲಿಲ್ಲ. ಜಾನಪದ ಕಾರ್ಯಕ್ರಮಗಳಿರುವ ಒಂದು ಸಣ್ಣ ತಾಣ ಅದು. (ಹೆಸರು ಬೇಡ, ವಿನ್ಯಾಸ ಬದಲಿಸಿದ್ದು ಅವರ ತಪ್ಪೇನಲ್ಲ.) ಪಾರಿಜಾತ ಕೇಳುವವರು ಜಗತ್ತಿನಲ್ಲಿ ಎಷ್ಟು ಜನ? ಅವರಲ್ಲಿ ಪೈಥಾನ್ ಬಲ್ಲವರು ಎಷ್ಟು? ಕುಳಿತು ಲೆಕ್ಕ ಹಾಕಿದಾಗ ಉತ್ತರ ನನ್ನ ಕೋಣೆಯಲ್ಲೇ ಇರುವ ಹಾಗೆ ಕಂಡಿತು.

ಬ್ರೌಸರ್‌ನಲ್ಲಿ ಎಫ್12 ಒತ್ತಿದರೆ ನೆಟ್‌ವರ್ಕ್ ಎಂಬ ಕಿಟಕಿ ತೆರೆಯುತ್ತದೆ. ಪುಟ ಏನೇನು ತರಿಸಿಕೊಳ್ಳುತ್ತದೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ವಿಡಿಯೊ ಪ್ಲೇ ಮಾಡಿ, ಎಂ3ಯು8 ಎಂದು ಸೋಸಿದೆ. ಪಟ್ಟಿ ಸಿಕ್ಕಿತು. ಅದರ ವಿಳಾಸ ಪುಟದಲ್ಲಿ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗುತ್ತಾ ಹೋದೆ. ಮೊದಲು ಪುಟದಲ್ಲೇ ಒಂದು ಸ್ಕ್ರಿಪ್ಟ್‌ನೊಳಗೆ ಬರೆದಿರುತ್ತಿದ್ದದ್ದು, ಈಗ ಬೇರೊಂದು ವಿಳಾಸದಿಂದ ಜೇಸನ್ ರೂಪದಲ್ಲಿ ಬರುತ್ತಿತ್ತು. ಇಷ್ಟು ಗೊತ್ತಾಗಲು ಎರಡು ರಾತ್ರಿ ಹಿಡಿಯಿತು. ಬದಲಿಸಿದ್ದು ಎಂಟೋ ಹತ್ತೋ ಸಾಲು. ಕೆಂಪು ಸಾಲು ಹೋಗಿ ಶೇಕಡಾವಾರು ಅಂಕಿ ಏರತೊಡಗಿದಾಗ ಬೆಳಗಿನ ಮೂರು ಗಂಟೆ. ಪರೀಕ್ಷೆಯ ಕಥೆ ಕೇಳಬೇಡಿ.

ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು. ಆದರೆ ರೂಮ್‌ಮೇಟ್ ಬಿಡಲಿಲ್ಲ: "ನಿನ್ನ ಲ್ಯಾಪ್‌ಟಾಪ್‌ನ್ಯಾಗ ಇಟ್ಕೊಂಡು ಏನ್ ಮಾಡ್ತಿ? ಕಳಸು." ಗಿಟ್‌ಹಬ್‌ನಲ್ಲಿ ಬದಲಾವಣೆಯನ್ನು ಕಳುಹಿಸಿದೆ. ಎರಡು ದಿನಕ್ಕೆ ಉತ್ತರ ಬಂತು. ಹೊಗಳಿಕೆ ಇರಲಿಲ್ಲ. ತಿದ್ದಲು ನಾಲ್ಕು ಅಂಶಗಳಿದ್ದವು. ವಿವರಣೆ ಅಥವಾ ಚಿತ್ರ ಇಲ್ಲದ ಕಾರ್ಯಕ್ರಮ ಬಂದರೆ ನನ್ನ ಕೋಡ್ ಇಡಿಯಾಗಿ ನಿಂತುಬಿಡುತ್ತಿತ್ತು. ಅಂಥ ಐಚ್ಛಿಕ ಮಾಹಿತಿ ಸಿಗದಿದ್ದರೂ ಡೌನ್‌ಲೋಡ್ ನಿಲ್ಲಕೂಡದು ಎಂಬುದು ಅಲ್ಲಿಯ ನಿಯಮ. ಪುಟದಲ್ಲಿ ಹುಡುಕಲು ನಾನು ಬರೆದ ರೆಗ್ಯುಲರ್ ಎಕ್ಸ್‌ಪ್ರೆಶನ್ ತೀರಾ ಬಿಗಿಯಾಗಿತ್ತು; ನಾಳೆ ಒಂದು ಸ್ಪೇಸ್ ಹೆಚ್ಚಾದರೂ ಮುರಿಯುತ್ತದೆ, ಸಡಿಲ ಮಾಡು ಎಂದಿದ್ದರು. ಮತ್ತೆ, ಟೆಸ್ಟ್ ಎಲ್ಲಿ?

ಈ ಟೆಸ್ಟ್‌ಗೊಂದು ಇತಿಹಾಸವಿದೆ. ಪ್ರತಿ ಎಕ್ಸ್‌ಟ್ರ್ಯಾಕ್ಟರ್‌ನೊಳಗೆ ಒಂದೆರಡು ನಿಜವಾದ ವಿಡಿಯೊ ವಿಳಾಸ ಕೊಟ್ಟಿರುತ್ತಾರೆ. ಅವನ್ನು ಓಡಿಸಿ ನೋಡಿದರೆ ತಾಣ ಬದಲಾಗಿದೆಯೋ ಇಲ್ಲವೋ ತಿಳಿಯುತ್ತದೆ. 2020ರ ಅಕ್ಟೋಬರ್ 23ರಂದು ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಒಕ್ಕೂಟ ಆರ್‌ಐಎಎ, ಯೂಟ್ಯೂಬ್-ಡಿಎಲ್ ಅನ್ನು ತೆಗೆದುಹಾಕುವಂತೆ ಗಿಟ್‌ಹಬ್‌ಗೆ ನೋಟಿಸ್ ಕೊಟ್ಟಿತು. ಟೆಸ್ಟ್‌ಗಳಲ್ಲಿ ಹೆಸರಾಂತ ಗಾಯಕರ ಹಾಡುಗಳ ವಿಳಾಸ ಇದ್ದದ್ದೇ ನೋಟಿಸ್‌ನ ಒಂದು ಆಧಾರ. ಇಡೀ ಯೋಜನೆ ರಾತ್ರೋರಾತ್ರಿ ಮಾಯ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ವಕೀಲರು ವಾದಿಸಿದ ಮೇಲೆ ನವೆಂಬರ್ 16ಕ್ಕೆ ಗಿಟ್‌ಹಬ್ ಅದನ್ನು ಮರಳಿ ಹಾಕಿತು. ಆ ಹಾಡುಗಳ ಟೆಸ್ಟ್‌ಗಳು ಹೋದವು. ಇಂಥ ಡೆವಲಪರ್‌ಗಳ ನೆರವಿಗೆ 10 ಲಕ್ಷ ಡಾಲರ್ ನಿಧಿಯನ್ನೂ ಗಿಟ್‌ಹಬ್ ಘೋಷಿಸಿತು. ಹಾಗಾಗಿ ಟೆಸ್ಟ್‌ಗೆ ವಿಡಿಯೊ ಆರಿಸುವಾಗ ನಾನು ಪಾರಿಜಾತ ಬಿಟ್ಟು, ಅದೇ ತಾಣದ ಎರಡು ನಿಮಿಷದ ಒಂದು ಪ್ರಕಟಣೆ ಕೊಟ್ಟೆ.

ಕಾನೂನಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯಯುತವಾದ ವಿನಾಯಿತಿ ಕೊಡುತ್ತದೆ. ಇತ್ತ ಯೂಟ್ಯೂಬ್‌ನಂಥ ತಾಣಗಳ ಷರತ್ತುಗಳು ಅನುಮತಿಯಿಲ್ಲದೆ ಇಳಿಸಿಕೊಳ್ಳಬೇಡಿ ಎನ್ನುತ್ತವೆ. ಎರಡರ ನಡುವೆ ನಾನು ನನಗೊಂದು ಗೆರೆ ಎಳೆದುಕೊಂಡಿದ್ದೇನೆ. ಅಜ್ಜನ ಕಾರ್ಡಿಗೆ ಹಾಕುವುದು ಸರಿ. ಅದೇ ಪಾರಿಜಾತವನ್ನು ನನ್ನ ಚಾನೆಲ್‌ಗೆ ಏರಿಸಿ ಜಾಹೀರಾತಿನ ಹಣ ಎಣಿಸುವುದು ಕಲಾವಿದರ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಹಾಸ್ಟೆಲ್‌ನಲ್ಲಿ "ಮೊನ್ನೆ ಬಂದ ಪಿಕ್ಚರ್ ಒಟಿಟಿಯಿಂದ ಇಳಿಸಿಕೊಡಲೇ" ಎಂದು ಬರುವವರಿಗೆ ಕೊರತೆಯಿಲ್ಲ. ಡಿಆರ್‌ಎಂ ಬೀಗ ಹಾಕಿದ್ದನ್ನು ವೈಟಿ-ಡಿಎಲ್‌ಪಿ ಮುರಿಯುವುದಿಲ್ಲ ಎಂದು ಹೇಳಿ ಕಳಿಸುತ್ತೇನೆ. ಮುರಿಯುವಂತಿದ್ದರೂ ಕೊಡುತ್ತಿರಲಿಲ್ಲ, ಆದರೆ ಮೊದಲನೆಯ ಕಾರಣ ಹೇಳಿದರೆ ಜಗಳ ಕಡಿಮೆ.

ನನ್ನದು ಸಣ್ಣ ತಾಣ. ದೊಡ್ಡ ತಾಣಗಳ ಎಕ್ಸ್‌ಟ್ರ್ಯಾಕ್ಟರ್ ನೋಡಿಕೊಳ್ಳುವವರ ಪಾಡು ಬೇರೆಯೇ. 2021ರಲ್ಲಿ ಯೂಟ್ಯೂಬ್ ವಿಡಿಯೊ ವಿಳಾಸದಲ್ಲಿ 'ಎನ್' ಎಂಬ ಅಂಶದ ಮೂಲಕ ವೇಗಕ್ಕೆ ಕಡಿವಾಣ ಹಾಕಿತು. ಪುಟದೊಳಗಿನ ಜಾವಾಸ್ಕ್ರಿಪ್ಟ್ ಓಡಿಸಿ ಅದಕ್ಕೆ ಸರಿಯಾದ ಉತ್ತರ ಕಂಡುಹಿಡಿಯದಿದ್ದರೆ ಡೌನ್‌ಲೋಡ್ ತೆವಳುತ್ತಿತ್ತು. ಆ ಲೆಕ್ಕ ಜಟಿಲವಾಗುತ್ತಾ ಹೋಗಿ, 2025ರ ನವೆಂಬರ್ ಹೊತ್ತಿಗೆ ಯೂಟ್ಯೂಬ್‌ಗಾಗಿ ಡೀನೋದಂಥ ಬೇರೊಂದು ಜಾವಾಸ್ಕ್ರಿಪ್ಟ್ ಸಾಧನವನ್ನೂ ಜೊತೆಗೆ ಹಾಕಿಕೊಳ್ಳಲೇಬೇಕಾಯಿತು. ಇಂಗ್ಲೆಂಡಿನಲ್ಲೂ ಇದೇ ಕಥೆ. ಬಿಬಿಸಿಯ ಟಿವಿ, ರೇಡಿಯೊ ಕಾರ್ಯಕ್ರಮ ಇಳಿಸಿಕೊಳ್ಳಲು ಅಲ್ಲಿಯವರು ಪರ್ಲ್ ಭಾಷೆಯಲ್ಲಿ ಬರೆದ ಗೆಟ್-ಐಪ್ಲೇಯರ್ ಇದೆ. 2014ರಲ್ಲಿ ಬಿಬಿಸಿ ಕಾರ್ಯಕ್ರಮಗಳ ಪಟ್ಟಿ ಕೊಡುತ್ತಿದ್ದ ಫೀಡ್‌ಗಳನ್ನು ನಿಲ್ಲಿಸಿದಾಗ ಅದಕ್ಕೆ ಕಣ್ಣೇ ಹೋದಂತಾಯಿತು. ಸ್ವಯಂಸೇವಕರು ಬೇರೆ ದಾರಿಯಿಂದ ಪಟ್ಟಿ ಕಟ್ಟಿಕೊಂಡರು. ಮೊದಲು ಬರೆದವರು ಬಿಟ್ಟು ಹೋದರೂ ಇನ್ನೊಬ್ಬರು ಹೆಗಲು ಕೊಡುವುದರಿಂದಲೇ ಇವು ಉಳಿದಿವೆ. ಯೂಟ್ಯೂಬ್-ಡಿಎಲ್‌ನ ಸ್ಥಿರ ಆವೃತ್ತಿ 2021ರ ಡಿಸೆಂಬರ್‌ಗೆ ನಿಂತಿತು. ಅಷ್ಟರಲ್ಲಿ ಅದೇ ಕೋಡ್‌ನಿಂದ ಕವಲೊಡೆದ ವೈಟಿ-ಡಿಎಲ್‌ಪಿ ನಡೆಯತೊಡಗಿತ್ತು.

ನಮ್ಮ ಕಾಲೇಜುಗಳಲ್ಲಿ ಹೀಗಲ್ಲ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಆಯಸ್ಸು ವೈವಾ ದಿನದವರೆಗೆ. ಆಮೇಲೆ ಹಾರ್ಡ್‌ಬೌಂಡ್ ಪ್ರತಿ ಲೈಬ್ರರಿ ಕಪಾಟಿಗೆ, ಕೋಡ್ ಪೆನ್‌ಡ್ರೈವ್‌ಗೆ, ಪೆನ್‌ಡ್ರೈವ್ ದೇವರಿಗೆ. ಹೊಸದು ಮಾಡಿದವರಿಗೆ ಅಂಕವಿದೆ, ಇದ್ದದ್ದನ್ನು ನಡೆಸಿಕೊಂಡು ಹೋದವರಿಗಿಲ್ಲ. ಸೀನಿಯರ್ ಮಾಡಿದ ಹಾಜರಾತಿ ಆ್ಯಪ್ ಅನ್ನೇ ಸರಿಪಡಿಸಿ ಮುಂದುವರಿಸುತ್ತೇವೆ ಎಂದು ಒಂದು ತಂಡ ಹೇಳಿದರೆ "ಇದರಲ್ಲಿ ನಿಮ್ಮದೇನಿದೆ?" ಎಂಬ ಪ್ರಶ್ನೆ ಬರುತ್ತದೆ. ಬೇರೆಯವರು ಬರೆದ ಕೋಡ್ ಓದಿ, ಅದು ಎಲ್ಲಿ ಮುರಿದಿದೆ ಎಂದು ಹುಡುಕುವುದನ್ನು ಐದು ಸೆಮಿಸ್ಟರ್‌ನಲ್ಲಿ ನನಗೆ ಯಾವ ವಿಷಯವೂ ಕಲಿಸಿರಲಿಲ್ಲ. ಕೆಲಸಕ್ಕೆ ಸೇರಿದ ಸೀನಿಯರ್‌ಗಳು ಹೇಳುವುದೇನೆಂದರೆ, ಅಲ್ಲಿ ಮೊದಲ ವರ್ಷ ಮಾಡಿಸುವುದು ಅದನ್ನೇ.

ತಿದ್ದಿ ಮೂರು ಸಲ ಕಳುಹಿಸಿದ ಮೇಲೆ ನನ್ನ ಬದಲಾವಣೆ ಸೇರಿತು. ಮುಂದಿನ ಆವೃತ್ತಿಯ ಉದ್ದನೆಯ ಪಟ್ಟಿಯಲ್ಲಿ ಒಂದೇ ಒಂದು ಸಾಲು. ರೂಮ್‌ಮೇಟ್‌ಗೆ ಚಹಾ ಕೊಡಿಸಿದೆ. ಊರಿಗೆ ಹೋದಾಗ ಅಜ್ಜನಿಗೂ ಹೇಳಿದೆ.

"ಪಗಾರ ಎಷ್ಟ ಕೊಡ್ತಾರ?"

"ಏನೂ ಇಲ್ರಿ ಅಜ್ಜಾ. ಯಾರಿಗೂ ಇಲ್ಲ. ಎಲ್ಲಾರೂ ಹಂಗ ಮಾಡ್ತಾರ."

ನಗುತ್ತಾರೆ ಎಂದುಕೊಂಡಿದ್ದೆ. ಅವರು ಸುಮ್ಮನೆ ತಲೆ ಆಡಿಸಿದರು. "ಚಿಕ್ಕಪಡಸಲಗಿಗೆ ಹ್ವಾದಾಗ ನಮಗ ಯಾರ ಕೊಟ್ಟಿದ್ರು?"

ಚಿಕ್ಕಪಡಸಲಗಿ ಬ್ಯಾರೇಜ್ ನಮ್ಮ ತಾಲ್ಲೂಕಿನ ಹೆಮ್ಮೆ. ಸರ್ಕಾರ ಕಟ್ಟೀತು ಎಂದು ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ್ದು. ಹೆಸರೇ ಶ್ರಮಬಿಂದು ಸಾಗರ. ಅಜ್ಜ ಆಗ ಗಟ್ಟಿ ಆಳು, ಕಲ್ಲು ಹೊರಲು ಹೋಗಿದ್ದರಂತೆ. ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಇದನ್ನು ಎಷ್ಟು ಸಲ ಉರುಹೊಡೆದಿದ್ದೆನೋ. ಅವರು ಹೋಗಿದ್ದರು ಎಂಬುದು ಮಾತ್ರ ನನಗೆ ಗೊತ್ತಾದದ್ದು ಅಂದೇ. ಆಮೇಲೆ ಅವರು ಅದರ ಬಗ್ಗೆ ಮುಂದುವರಿಸಲಿಲ್ಲ. ಕಾರ್ಡ್ ಹಾಕಿದ ಮೊಬೈಲನ್ನು ಜೇಬಿಗಿಟ್ಟು, ಬ್ಯಾಟರಿ ಹಿಡಿದು ಹೊಲಕ್ಕೆ ಹೊರಟರು.

ಅದಾಗಿ ಎರಡೂವರೆ ತಿಂಗಳು. ಕಳೆದ ಗುರುವಾರ ರಾತ್ರಿ ಹೊಸ ಕಾರ್ಯಕ್ರಮ ಇಳಿಸಲು ಹೋದರೆ ಮತ್ತೆ ಕೆಂಪು ಸಾಲು. ಈ ಸಲ ಜೇಸನ್‌ನೊಳಗಿನ ಒಂದು ಹೆಸರು ಬದಲಾಗಿದೆ, ಅಷ್ಟೇ ಇರಬೇಕು. ಗಿಟ್‌ಹಬ್‌ನಲ್ಲಿ ನೋಡಿದರೆ ಅದೇ ತಾಣ ನಡೆಯುತ್ತಿಲ್ಲ ಎಂದು ಯಾರೋ ಆಗಲೇ ದೂರು ಬರೆದಿದ್ದಾರೆ. ನನಗೆ ಪರಿಚಯವಿಲ್ಲದ ಹೆಸರು. ಅಂದರೆ ಅಜ್ಜನನ್ನು ಬಿಟ್ಟು ಇನ್ನೊಬ್ಬರು ಯಾರೋ ಇದನ್ನು ಕೇಳುತ್ತಿದ್ದಾರೆ. "ನೋಡುತ್ತಿದ್ದೇನೆ, ಭಾನುವಾರದೊಳಗೆ ಕಳುಹಿಸುವೆ" ಎಂದು ಕೆಳಗೆ ಬರೆದಿದ್ದೇನೆ. ಸೋಮವಾರ ಲ್ಯಾಬ್ ಎಕ್ಸಾಂ ಇದೆ.